ಜಾದೂಗಾರ್ತಿಯ ಪಾತ್ರ ಕಟ್ಟುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಶೋ ಮುಗಿಸಿ ಟ್ರಂಕ್ ತುಂಬಿಸುವ ಹೊತ್ತಿಗೆ ಯಾರಾದರೂ ಒಬ್ಬಳು ಹುಡುಗಿ ಬಂದು ಪಕ್ಕದಲ್ಲಿ ನಿಂತಿರುತ್ತಾಳೆ. ಮೊದಲು ಆಟದ ಗುಟ್ಟು ಕೇಳುತ್ತಾಳೆ. ಅದನ್ನು ನಾನು ಹೇಳುವುದಿಲ್ಲ ಅಂತ ಗೊತ್ತಾದ ಮೇಲೆ ನಿಜವಾದ ಪ್ರಶ್ನೆ ಬರುತ್ತದೆ: "ಅಕ್ಕ, ನಾನೂ ನಾಲ್ಕೈದು ಆಟ ಕಲಿತಿದ್ದೇನೆ. ಕೈಯೂ ಸರಿ ಉಂಟು. ಆದ್ರೆ ನಾನು ಮಾಡಿದ್ರೆ ಯಾರಿಗೂ ನೆನಪೇ ಇರುವುದಿಲ್ಲ. ಯಾಕೆ?"

14 ವರ್ಷಗಳಿಂದ ಶಾಲೆ, ಮದುವೆಮನೆ, ಯುವಕ ಮಂಡಲದ ವಾರ್ಷಿಕೋತ್ಸವ ಅಂತ ಶೋ ಮಾಡುತ್ತಿದ್ದೇನೆ. ಅಲ್ಲೆಲ್ಲ ಕೇಳಿದ, ಫೋನಿನಲ್ಲಿ ಬಂದ, ಪತ್ರದಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಈಗಷ್ಟೇ ಶುರು ಮಾಡುವವರಿಗೆ

"ಪಾತ್ರ ಅಂದ್ರೆ ಎಂತ ಅಕ್ಕ? ಒಳ್ಳೆ ಡ್ರೆಸ್ ಹಾಕಿ ಮ್ಯಾಜಿಕ್ ಮಾಡಿದ್ರೆ ಸಾಲದಾ?"

ನಮ್ಮ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ಯಕ್ಷಗಾನ, ನೋಡಿದ್ದೀರಲ್ವಾ? ಅಲ್ಲಿ ಕಿರೀಟ ಇಲ್ಲ, ಬಣ್ಣ ಇಲ್ಲ. ಬಿಳಿ ಪಂಚೆ, ಹೆಗಲಿಗೊಂದು ಶಾಲು ಹಾಕಿ ಕೂತ ಅರ್ಥಧಾರಿ ಬಾಯಿ ತೆರೆದರೆ ಎದುರಿಗೆ ಕೌರವನೇ ಕೂತ ಹಾಗೆ ಆಗುತ್ತದೆ. ವೇಷ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಸಿಗುತ್ತದೆ. ಪಾತ್ರ ಬರುವುದು ಮಾತು, ನೋಟ, ನಿಲ್ಲುವ ರೀತಿಯಿಂದ.

ಜಾದೂವಿನಲ್ಲೂ ಹಾಗೆಯೇ. ಒಂದು ಕಾಗದ ತೆಗೆದುಕೊಂಡು ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಈ ಹೆಂಗಸು ಯಾರು? ಈ ವಿದ್ಯೆ ಅವಳಿಗೆ ಎಲ್ಲಿಂದ ಬಂತು? ಇವತ್ತು ನಮ್ಮ ಎದುರು ಯಾಕೆ ತೋರಿಸುತ್ತಿದ್ದಾಳೆ? ಮೂರನೆಯದಕ್ಕೆ ಉತ್ತರ ಬರೆಯಲು ನನಗೆ ನಾಲ್ಕು ವರ್ಷ ಬೇಕಾಯಿತು. ಅದು ಸಿಗುವವರೆಗೆ ನಾನು ಒಂದು ಆಟದ ಹಿಂದೆ ಇನ್ನೊಂದು ಆಟ ತೋರಿಸುತ್ತಿದ್ದೆ, ಅಷ್ಟೆ.

"ಗಂಡಸರು ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ನಮಗೆ ಮಾತ್ರ ಯಾಕೆ?"

ಅವರಿಗೂ ಪಾತ್ರ ಬೇಕು. ಆದರೆ ಅವರು ಕಪ್ಪು ಕೋಟು ಹಾಕಿ ಬಂದರೆ "ಇವರೇ ಜಾದೂಗಾರ" ಅಂತ ಜನ ಒಪ್ಪಿಬಿಡುತ್ತಾರೆ. ನಮಗೆ ಆ ಅನುಕೂಲ ಇಲ್ಲ.

ನನ್ನ ಮೊದಲ ವರ್ಷದ ಒಂದು ಶೋ. ತಮ್ಮ ಟ್ರಂಕ್ ಹೊತ್ತುಕೊಂಡು ಮುಂದೆ ಬಂದ, ನಾನು ಹಿಂದೆ ಬಂದೆ. ಸಂಘಟಕರು ಸೀದಾ ಅವನ ಕೈ ಕುಲುಕಿ "ಸರ್, ಎಷ್ಟು ಹೊತ್ತಿಗೆ ಶುರು ಮಾಡುವ?" ಅಂದರು. ನನ್ನ ಕಡೆ ತಿರುಗಿ "ಮೇಡಂ, ನಿಮಗೆ ಬಟ್ಟೆ ಬದಲಿಸಲು ಆ ರೂಮ್" ಅಂದರು. ಅವರು ಕೆಟ್ಟವರಲ್ಲ. ಅವರು ಅಲ್ಲಿವರೆಗೆ ನೋಡಿದ ಪ್ರತಿ ಶೋದಲ್ಲೂ ಹೆಂಗಸು ಪೆಟ್ಟಿಗೆಯೊಳಗೆ ಮಲಗಿದ್ದಳು.

ಆ ಚಿತ್ರಕ್ಕೊಂದು ಇತಿಹಾಸ ಉಂಟು. 1921ರಲ್ಲಿ ಲಂಡನ್ನಿನಲ್ಲಿ ಪಿ.ಟಿ. ಸೆಲ್ಬಿಟ್ ಹೆಂಗಸನ್ನು ಪೆಟ್ಟಿಗೆಯಲ್ಲಿಟ್ಟು ಗರಗಸದಲ್ಲಿ ಕೊಯ್ಯುವ ಆಟ ತೋರಿಸಿದರು. ಅದು ಪ್ರಪಂಚ ಇಡೀ ಹಬ್ಬಿತು. ಲಂಡನ್ನಿನ ಮ್ಯಾಜಿಕ್ ಸರ್ಕಲ್ ಅನ್ನುವ ಜಾದೂಗಾರರ ಸಂಘ 1905ರಲ್ಲಿ ಶುರುವಾದರೂ ಹೆಂಗಸರನ್ನು ಸದಸ್ಯರಾಗಿ ತೆಗೆದುಕೊಂಡದ್ದು 1991ರಲ್ಲಿ. ಅದೇ ವರ್ಷ, ಅದಕ್ಕೆ ಸ್ವಲ್ಪ ಮೊದಲು, ಸೋಫಿ ಲಾಯ್ಡ್ ಎಂಬವರು ರೇಮಂಡ್ ಲಾಯ್ಡ್ ಅನ್ನುವ ಹುಡುಗನ ವೇಷದಲ್ಲಿ ಪರೀಕ್ಷೆ ಪಾಸಾಗಿ ಸದಸ್ಯತ್ವ ಪಡೆದಿದ್ದರು. ಸತ್ಯ ಹೇಳಿದ ಮೇಲೆ ಅವರನ್ನು ಹೊರಗೆ ಹಾಕಿದರು. ಮತ್ತೆ ಒಳಗೆ ಸೇರಿಸಿಕೊಂಡದ್ದು 2025ರಲ್ಲಿ. ಮೂವತ್ತನಾಲ್ಕು ವರ್ಷ! ನನಗೆ ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಮೊದಲ ಅರ್ಧ ನಿಮಿಷದಲ್ಲೇ "ಈ ಆಟ ನನ್ನದು" ಅಂತ ನೋಡುವವರಿಗೆ ಗೊತ್ತಾಗಬೇಕು. ಬಾಯಲ್ಲಿ ಹೇಳುವುದು ಬೇಡ. ಏನಾದರೂ ಒಂದು ಸಣ್ಣ ಆಟ ನಿಮ್ಮ ಕೈಯಲ್ಲೇ ಆಗಿಹೋಗಲಿ.

"ನಾನು ಯಾರನ್ನು ನೋಡಿ ಕಲೀಬೇಕು?"

ಎಲ್ಲರನ್ನೂ ನೋಡಿ. ಯಾರ ಪಾತ್ರವನ್ನೂ ಎತ್ತಿಕೊಳ್ಳಬೇಡಿ.

ಅಡಿಲೇಡ್ ಹರ್ಮನ್ ಬಗ್ಗೆ ತಿಳಿದುಕೊಳ್ಳಿ. ಗಂಡನ ಶೋದಲ್ಲಿ ಸಹಾಯಕಿಯಾಗಿದ್ದವರು. 1896ರಲ್ಲಿ ಗಂಡ ತೀರಿಕೊಂಡ ಮೇಲೆ ತಂಡವನ್ನು ತಾನೇ ನಡೆಸಿ, ಹಾರಿಬರುವ ಗುಂಡು ಹಿಡಿಯುವ ಆಟವನ್ನೂ ಮಾಡಿ, ಎಪ್ಪತ್ತು ದಾಟಿದ ಮೇಲೂ ಸ್ಟೇಜ್ ಬಿಡಲಿಲ್ಲ. ಜೂಲಿಯಾನಾ ಚೆನ್ 1997ರಲ್ಲಿ ಡ್ರೆಸ್ಡೆನ್‌ನಲ್ಲಿ ಫಿಸ್ಮ್ ಅನ್ನುವ ಜಾದೂಗಾರರ ವಿಶ್ವ ಸ್ಪರ್ಧೆಯಲ್ಲಿ ಕೈಚಳಕದ ವಿಭಾಗ ಗೆದ್ದರು. ನಮ್ಮ ದೇಶದಲ್ಲಿ ಸುಹಾನಿ ಶಾ ಏಳನೇ ವಯಸ್ಸಿಗೆ ಶೋ ಶುರು ಮಾಡಿ, 2025ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಫಿಸ್ಮ್ ಪ್ರಶಸ್ತಿ ಪಡೆದರು. ಅವರ ಮಾತಿನ ಧಾಟಿ ಗಮನಿಸಿ. ಪಕ್ಕದ ಮನೆಯವಳು ಹರಟೆ ಹೊಡೆದ ಹಾಗೆ ಹಿಂದಿಯಲ್ಲಿ ಮಾತಾಡುತ್ತಾರೆ. ಕೋಲ್ಕತ್ತಾದ ಮನೇಕಾ ಸರ್ಕಾರ್ ಅದಕ್ಕೆ ಪೂರ್ತಿ ಬೇರೆ, ಮನೆತನದಿಂದ ಬಂದ ವೈಭವದ ದೊಡ್ಡ ಶೋ. ಇಬ್ಬರದೂ ಸರಿಯೇ.

ನಮ್ಮ ಊರಿನಲ್ಲಿ ಕುದ್ರೋಳಿ ಗಣೇಶ್ ಅವರ ಶೋ ನೋಡಿ. ತುಳುನಾಡಿನ ಬದುಕನ್ನು ಜಾದೂವಿನೊಳಗೆ ತರಬಹುದು ಅಂತ ನನಗೆ ಮೊದಲು ಹೊಳೆದದ್ದು ಅಲ್ಲಿ. ಆದರೆ ನನಗೆ ಧೈರ್ಯ ಬಂದದ್ದು ಜಾದೂಗಾರರಿಂದ ಅಲ್ಲ, ಲೀಲಾವತಿ ಬೈಪಾಡಿತ್ತಾಯರಿಂದ. ಯಕ್ಷಗಾನದ ಭಾಗವತಿಕೆ ಪೂರ್ತಿ ಗಂಡಸರದ್ದೇ ಆಗಿದ್ದ ಕಾಲದಲ್ಲಿ ಜಾಗಟೆ ಹಿಡಿದು ರಾತ್ರಿಯಿಡೀ ಮೇಳದಲ್ಲಿ ಹಾಡಿದವರು. ಗಂಡಸಿನ ದನಿ ಮಾಡಲು ಅವರು ಹೋಗಲಿಲ್ಲ. ತನ್ನ ಶ್ರುತಿಯಲ್ಲೇ ಹಾಡಿದರು.

"ನಂಗೆ ಸಿಕ್ಕಾಪಟ್ಟೆ ನಾಚಿಕೆ. ಮಾತು ಬರುವುದೇ ಇಲ್ಲ. ನನ್ನಿಂದ ಆಗುವಂಥದ್ದಾ ಇದು?"

ಆಗುತ್ತದೆ. ಮಾತಿಲ್ಲದೆ ಬರೀ ಸಂಗೀತಕ್ಕೆ ಮಾಡುವ ಆಟಗಳು ಬೇಕಾದಷ್ಟಿವೆ. ಕಡಿಮೆ ಮಾತಾಡುವವಳು, ನಿಧಾನ ನಡೆಯುವವಳು, ಏನೋ ಗೊತ್ತಿದ್ದೂ ಸುಮ್ಮನಿರುವವಳು ಕೂಡ ಒಂದು ಪಾತ್ರವೇ. ವಾಚಾಳಿಯ ವೇಷ ಹಾಕಿದರೆ ಹತ್ತು ನಿಮಿಷದಲ್ಲಿ ಸುಸ್ತಾಗುತ್ತೀರಿ, ಎದುರಿದ್ದವರಿಗೂ ಅದು ತಿಳಿಯುತ್ತದೆ. ಮನೆಯಲ್ಲಿ ನೀವು ಹೇಗಿದ್ದೀರೋ ಅದನ್ನೇ ಸ್ವಲ್ಪ ದೊಡ್ಡದು ಮಾಡಿ.

"ಹೆಸರಿಗೆ ಮೊದಲು 'ಲೇಡಿ ಮ್ಯಾಜಿಷಿಯನ್' ಅಂತ ಹಾಕಲಾ?"

ಬೇಡ. ಪೋಸ್ಟರಿನಲ್ಲಿ ನಿಮ್ಮ ಮುಖ ಇರುತ್ತದಲ್ವಾ. ಜಾದೂಗಾರ್ತಿ ಅನ್ನುವ ಚಂದದ ಪದ ನಮ್ಮಲ್ಲೇ ಉಂಟು. ಹೆಸರು ಚಿಕ್ಕದಿರಲಿ, ಮೈಕಿನಲ್ಲಿ ಕೂಗಿದರೆ ಹಿಂದಿನ ಸಾಲಿನ ಅಜ್ಜನಿಗೂ ತಿಳಿಯುವಂತಿರಲಿ.

## ಬಟ್ಟೆ, ಕೈ, ಭಾಷೆ

"ಸೀರೆ ಉಡಲಾ, ಕೋಟು ಹಾಕಲಾ?"

ಇದು ಅತಿ ಹೆಚ್ಚು ಬರುವ ಪ್ರಶ್ನೆ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಪುಸ್ತಕದಲ್ಲಿರುವ ಹಳೇ ಆಟಗಳು ಬಹಳಷ್ಟು ಗಂಡಸರ ಕೋಟನ್ನು ಲೆಕ್ಕದಲ್ಲಿಟ್ಟು ಹುಟ್ಟಿದವು. ಒಳಗೆ ಎರಡು ಜೇಬು, ಹೊರಗೆ ಎರಡು, ಉದ್ದ ತೋಳು. ನಮ್ಮ ಬಟ್ಟೆಗೆ ಜೇಬೇ ಇಲ್ಲ. ಇದ್ದರೂ ಮೂರು ಬೆರಳು ಹೋಗುವಷ್ಟು. ಹಾಗಂತ ಕೋಟು ಹಾಕಿದರೆ ಎಲ್ಲ ಸರಿಯಾಗುವುದಿಲ್ಲ. ನಿಮ್ಮ ಪಾತ್ರ ಕೋಟು ಹಾಕುವಂಥವಳಾ? ಅದನ್ನು ಮೊದಲು ಕೇಳಿಕೊಳ್ಳಿ.

ನಾನು ಎರಡು ವರ್ಷ ಕೋಟು ಹಾಕಿದೆ. ಮೇ ತಿಂಗಳ ಮಂಗಳೂರಿನ ಸೆಖೆಗೆ ಆ ಕೋಟಿನೊಳಗೆ ಬೆವರಿ ಬೆವರಿ ಕೈಯಿಂದ ನಾಣ್ಯವೇ ಜಾರುತ್ತಿತ್ತು. ಆಮೇಲೆ ನಮ್ಮ ಓಣಿಯ ಟೈಲರ್ ಅಕ್ಕನ ಹತ್ತಿರ ಹೋಗಿ ಕೂತೆ. ಹತ್ತಿ ಸೀರೆಗೆ ಮೊದಲೇ ನೆರಿಗೆ ಹೊಲಿಸಿ, ಮೇಲೊಂದು ತೋಳಿಲ್ಲದ ಉದ್ದ ಜಾಕೆಟ್. ಜೇಬು ಎಲ್ಲೆಲ್ಲಿ ಅಂತ ಹೇಳುವುದಿಲ್ಲ. ಆದರೆ ಹೊಲಿಸುವಾಗ ಬರೀ ಅಳತೆ ಕೊಟ್ಟು ಬರಬೇಡಿ. ಆಟದ ಸಾಮಾನು ತೆಗೆದುಕೊಂಡು ಹೋಗಿ, ಅಲ್ಲೇ ಕೈ ಹಾಕಿ ತೆಗೆದು ನೋಡಿ. ನನಗೆ ಆ ಅಕ್ಕ ಒಂದು ಜೇಬನ್ನು ಐದು ಸಲ ಬಿಚ್ಚಿ ಹೊಲಿದು ಕೊಟ್ಟಿದ್ದಾರೆ.

ಬೆಂಕಿಯ ಆಟ ಇದ್ದರೆ ಸಿಂಥೆಟಿಕ್ ಸೀರೆ, ಜಾರ್ಜೆಟ್ ಖಂಡಿತ ಬೇಡ. ಅದು ಕರಗಿ ಮೈಗೆ ಅಂಟುತ್ತದೆ. ಸೆರಗಿಗೆ ಪಿನ್ ಹಾಕಿ.

ಕಾಲರ್ ಮೈಕಿನ ಕ್ಲಿಪ್ ಎಲ್ಲಿಗೆ, ಅದರ ಬ್ಯಾಟರಿ ಡಬ್ಬಿ ಎಲ್ಲಿಗೆ ಅಂತಲೂ ಹೊಲಿಸುವಾಗಲೇ ಯೋಚಿಸಿ. ಸೌಂಡಿನವರ ಮೈಕ್ ಬೆಲ್ಟ್ ಹಾಕುವವರಿಗೇ ಹೊಂದುವುದು. ನಾನು ಸೊಂಟದ ಹಿಂದೆ ಗಟ್ಟಿ ಬಟ್ಟೆಯ ಒಂದು ಪಟ್ಟಿ ಹೊಲಿಸಿದ್ದೇನೆ.

"ಬಳೆ, ಮೆಹಂದಿ, ನೈಲ್ ಪಾಲಿಶ್ ಎಲ್ಲ ಹಾಕಬಹುದಾ?"

ಪಾತ್ರಕ್ಕೆ ಬೇಕಾದರೆ ಹಾಕಿ, ಆದರೆ ಲೆಕ್ಕ ಇಟ್ಟು. ಗಾಜಿನ ಬಳೆ ನಿಮ್ಮ ಕೈ ಅಲ್ಲಾಡಿದ್ದನ್ನೆಲ್ಲ ಊರಿಗೇ ಹೇಳುತ್ತದೆ. ಗಾಢ ಮೆಹಂದಿ ಹಾಕಿದರೆ ಜನ ಅಂಗೈ ನೋಡಲು ಶುರು ಮಾಡುತ್ತಾರೆ. ಅಂಗೈಯನ್ನೇ ನೋಡಲಿ ಅನ್ನುವ ಆಟ ಇದ್ದರೆ ಅದು ಒಳ್ಳೆಯದೇ. ನಾನು ಒಂದೇ ಕೈಗೆ ಎರಡು ಲೋಹದ ಬಳೆ ಹಾಕುತ್ತೇನೆ. ಅದರ ಸದ್ದು ನನಗೆ ಬೇಕಾದಾಗ ಮಾತ್ರ ಬರುತ್ತದೆ, ಆಗ ಎಲ್ಲರ ಕಣ್ಣು ಆ ಕಡೆ ತಿರುಗುತ್ತದೆ.

"ನನ್ನ ಕೈ ಸಣ್ಣದು. ಕಾರ್ಡ್ ಅಡಗಿಸಲಿಕ್ಕೇ ಆಗುವುದಿಲ್ಲ."

ಜಾದೂಗಾರರು ಜಾಸ್ತಿ ಬಳಸುವ ಪೋಕರ್ ಅಳತೆಯ ಕಾರ್ಡಿನ ಅಗಲ ಸುಮಾರು 63 ಮಿ.ಮೀ. ಬ್ರಿಜ್ ಅಳತೆಯದ್ದು ಸುಮಾರು 57 ಮಿ.ಮೀ. ಉದ್ದ ಒಂದೇ. ಆ ಆರು ಮಿ.ಮೀ. ನಿಮ್ಮ ಕೈಗೆ ಬಹಳ ದೊಡ್ಡದು, ಬದಲಿಸಿ ನೋಡಿ. ನಾಣ್ಯದಲ್ಲೂ ಹಾಗೆ: ಅಮೆರಿಕದ ಪುಸ್ತಕಗಳು ಹೇಳುವ ಅರ್ಧ ಡಾಲರ್ 30.6 ಮಿ.ಮೀ., ನಮ್ಮ ಹತ್ತು ರೂಪಾಯಿಯದ್ದು 27 ಮಿ.ಮೀ. ಹತ್ತು ರೂಪಾಯಿಯಲ್ಲೇ ಕಲಿಯಿರಿ. ನೋಡುವವರಿಗೂ ಅದು ತಮ್ಮ ಕಿಸೆಯ ನಾಣ್ಯ.

"ಮಳೆಗಾಲದಲ್ಲಿ ಕಾರ್ಡ್ ಎಲ್ಲ ಉಬ್ಬಿ ಹೋಗ್ತದೆ."

ಹೌದು, ಜೂನ್ ಬಂದರೆ ಬೀಸಣಿಗೆಯ ಹಾಗೆ ಬಿಡಿಸಲು ಹೋದ ಕಾರ್ಡು ಗಂಟು ಗಂಟಾಗಿ ಬರುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಶೋಗೆ ಹೊಸ ಕಟ್ಟನ್ನು ಅಲ್ಲಿಯೇ ಒಡೆಯಿರಿ.

"ತುಳುವಿನಲ್ಲಿ ಮಾತಾಡಿದ್ರೆ ಕಡಿಮೆ ಅನ್ನಿಸ್ತದಾ? ಇಂಗ್ಲಿಷಿನಲ್ಲಿ ಹೇಳಿದ್ರೆ ಗತ್ತು ಬರ್ತದಲ್ವಾ?"

ಗತ್ತು ಬರುತ್ತದೆ, ನಗು ಬರುವುದಿಲ್ಲ. ನಮ್ಮ ಊರಿನ ಒಂದು ಮದುವೆಮನೆಯಲ್ಲೇ ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕೂ ಇರುತ್ತವೆ. ನಿಮ್ಮ ಪಾತ್ರಕ್ಕೆ ಒಂದು ತಾಯಿಭಾಷೆ ಇರಲಿ. ಅವಳು ಬೆಚ್ಚಿದಾಗ, ಸಿಟ್ಟಾದಾಗ ಆ ಭಾಷೆಯಲ್ಲೇ ಮಾತಾಡಲಿ. ನನ್ನ ಪಾತ್ರ ಕನ್ನಡದಲ್ಲಿ ಕಥೆ ಹೇಳುತ್ತಾಳೆ, ಆಟ ಕೈಮೀರಿದ ಹಾಗೆ ಕಂಡಾಗ ಮಾತ್ರ ಅವಳ ಬಾಯಿಂದ "ಅಯ್ಯೋ ದೇವೆರೇ" ಬರುತ್ತದೆ. ಇಡೀ ಸಭೆ ಅಲ್ಲಿ ಹತ್ತಿರ ಬರುತ್ತದೆ.

ಒಂದು ಎಚ್ಚರಿಕೆ. ಮೀನು ಮಾರುವ ಅಕ್ಕಂದಿರ ಮಾತನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸುವವರನ್ನು ನೋಡಿದ್ದೇನೆ. ದಯವಿಟ್ಟು ಅದನ್ನು ಮಾಡಬೇಡಿ. ಅವರು ಬೆಳಿಗ್ಗೆ ಎದ್ದು ಬಂದರಿಗೆ ಹೋಗಿ ಮನೆ ನಡೆಸುವವರು. ಅಂಥವರ ಪಾತ್ರ ಮಾಡುವುದಾದರೆ ಅವರೇ ಮುಂದಿನ ಸಾಲಿನಲ್ಲಿ ಕೂತು ಖುಷಿಪಡುವ ಹಾಗೆ ಮಾಡಿ.

## ಸ್ಟೇಜ್ ಹತ್ತಿದ ಮೇಲೆ

"ಪಾತ್ರ ಸಿಕ್ಕಿತು, ಆಟಗಳು ಬೇರೆಯೇ ನಿಂತಿವೆ. ಎರಡನ್ನೂ ಹೊಂದಿಸುವುದು ಹೇಗೆ?"

ನನ್ನದೇ ಒಂದು ಆಟದ ಕಥೆ ಹೇಳುತ್ತೇನೆ.

ಹಗ್ಗ ಕತ್ತರಿಸಿ ಮತ್ತೆ ಸೇರಿಸುವ ಆಟ ಎಲ್ಲರಿಗೂ ಗೊತ್ತು. ನಾನೂ ಬಿಳಿ ಹಗ್ಗ ಹಿಡಿದು "ಗಟ್ಟಿ ಉಂಟಾ, ಎಳೆದು ನೋಡಿ" ಅಂತ ವರ್ಷಗಟ್ಟಲೆ ಮಾಡಿದೆ. ಜನ ಚಪ್ಪಾಳೆ ತಟ್ಟುತ್ತಿದ್ದರು, ಮರೆಯುತ್ತಿದ್ದರು. ಒಂದು ಸಂಜೆ ಅಮ್ಮ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಪಕ್ಕದ ಮನೆಯ ಹುಡುಗಿ ಬಂದಳು, ಅವಳಿಗೊಂದು ತುಂಡು ಕೊಟ್ಟರು. ಅತ್ತೆ ಬಂದರು, ಅವರಿಗೊಂದು. ಕೊನೆಗೆ ಅಮ್ಮನಿಗೇ ಹೂ ಉಳಿಯಲಿಲ್ಲ. ನನಗೆ ಆ ಖಾಲಿ ಕೈ ನೋಡಿ ಹಗ್ಗದ ಆಟ ನೆನಪಾಯಿತು.

ಈಗ ನನ್ನ ಪಾತ್ರ ಹೂ ಮಾರುವ ಅಕ್ಕ. ಬಾಳೆಎಲೆಯ ಕಟ್ಟು ಬಿಡಿಸುತ್ತಾಳೆ, ಒಳಗೆ ಸಣ್ಣದೊಂದು ಮಲ್ಲಿಗೆ ಮಾಲೆ. ಮುಂದಿನ ಸಾಲಿನ ಅಜ್ಜಿಗೆ ಕತ್ತರಿಸಿ ಕೊಡುತ್ತಾಳೆ. ಆಮೇಲೆ ಒಬ್ಬಳು ಹುಡುಗಿಗೆ. ಆಮೇಲೆ ಇನ್ನೊಬ್ಬರಿಗೆ. ಕೈಯಲ್ಲಿರುವ ಮಾಲೆ ಮಾತ್ರ ಅಷ್ಟೇ ಉದ್ದ. ಐದನೆಯವರಿಗೆ ಕೊಟ್ಟ ಮೇಲೆ ಅದನ್ನು ತಾನೇ ಮುಡಿದುಕೊಳ್ಳುತ್ತಾಳೆ. ಯಾಕೆ ಈ ಜಾದೂ ಅಂತ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಹೂ ಬೇಕಿತ್ತು, ಸಿಕ್ಕಿತು.

ಈ ಆಟ ಸರಿಯಾಗಿ ಕೂರಲು ಎಂಟು ತಿಂಗಳು ಹಿಡಿಯಿತು. ಸಂಜೆಯ ಮೊಗ್ಗು ಗಟ್ಟಿ ಇರುತ್ತದೆ, ಸ್ಟೇಜ್ ಲೈಟಿನ ಬಿಸಿಗೆ ಅರಳಿ ಉದುರಲು ಶುರು. ಹಾಗಾಗಿ ಒಳಗೆ ಹೋಗುವ ಎರಡು ನಿಮಿಷ ಮೊದಲಿನವರೆಗೂ ಕಟ್ಟು ಐಸ್ ಡಬ್ಬಿಯಲ್ಲಿ. ಬಾಳೆನಾರು ಒಣಗಿದರೆ ಕತ್ತರಿಗೆ ಚೂರು ಚೂರಾಗುತ್ತದೆ, ಅದನ್ನು ಒದ್ದೆ ಇಡಬೇಕು.

ಮೊದಲ ಶೋಗಳಲ್ಲಿ ನಾನು "ಒಂದು ಮೊಳ ಮಲ್ಲಿಗೆ" ಅನ್ನುತ್ತಿದ್ದೆ. ಮಲ್ಲಿಗೆ ಬೆಳೆಯುವ ಶಂಕರಪುರದ ಕಡೆಯ ಒಬ್ಬರು ಶೋ ಮುಗಿದ ಮೇಲೆ ಬಂದು ನನ್ನ ಕೈ ಹಿಡಿದು, "ಮಗಾ, ನಮ್ಮ ಮಲ್ಲಿಗೆಗೆ ಮೊಳ ಇಲ್ಲ. ಚೆಂಡು, ಅಟ್ಟಿ. ನಾಲ್ಕು ಚೆಂಡಿಗೆ ಒಂದು ಅಟ್ಟಿ" ಅಂದರು. ನಾಚಿಕೆಯಾಯಿತು. ಮರುದಿನವೇ ಮಾತು ಬದಲಿಸಿದೆ. ಹೂ ಮಾರುವವಳಿಗೆ ಹೂವಿನ ಅಳತೆಯೇ ಗೊತ್ತಿಲ್ಲದಿದ್ದರೆ ಅವಳ ಜಾದೂವನ್ನು ಯಾರು ನಂಬುತ್ತಾರೆ? ನಿಮ್ಮ ಪಾತ್ರ ಏನೇ ಇರಲಿ, ಆ ಕೆಲಸ ನಿಜವಾಗಿ ಮಾಡುವವರ ಹತ್ತಿರ ಒಂದು ದಿನ ಕೂತು ಬನ್ನಿ.

"ಎಂಟ್ರಿ ಹೇಗೆ ಕೊಡುವುದು? ಹೊಗೆ ಮೆಷಿನ್ ಬೇಕಾ?"

ನಮ್ಮ ಕಡೆಯ ಯಕ್ಷಗಾನವಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷದ, ಅಂದರೆ ರಕ್ಕಸ ಪಾತ್ರದ, ಪ್ರವೇಶ ನೋಡಿ. ಇಬ್ಬರು ತೆರೆ ಹಿಡಿಯುತ್ತಾರೆ. ಚೆಂಡೆ ಏರುತ್ತದೆ. ಮೊದಲು ಕಿರೀಟದ ತುದಿ, ಆಮೇಲೆ ಬೆರಳು, ಆಮೇಲೆ ಮುಖದ ಒಂದು ಭಾಗ. ಪೂರ್ತಿ ಕಾಣುವ ಹೊತ್ತಿಗೆ ಮಕ್ಕಳು ಅಮ್ಮನ ಮಡಿಲಿಗೆ ಸೇರಿರುತ್ತಾರೆ. ತಡೆದು ತೋರಿಸುವ ಈ ಗುಣವನ್ನು ಕಲಿಯಿರಿ. ತೆರೆಯನ್ನೇ ತರಬೇಕಂತಿಲ್ಲ. ನಾನು ಬರುವುದು ಸಭೆಯ ಹಿಂದಿನಿಂದ, ಬುಟ್ಟಿ ಹಿಡಿದು "ಮಲ್ಲಿಗೆ, ಮಲ್ಲಿಗೆ" ಅಂತ ಕೂಗುತ್ತಾ. ಮೊದಲ ಹತ್ತು ಸೆಕೆಂಡ್ ಯಾರೋ ಹೂ ಮಾರುವವಳು ಒಳಗೆ ಬಂದಳು ಅಂದುಕೊಳ್ಳುತ್ತಾರೆ.

ವೇಷ ಬದಲಿಸುವ ಆಟ ಇಷ್ಟ ಇದ್ದವರಿಗೆ ಯಕ್ಷಗಾನದಲ್ಲಿ ಮಾಯಾ ಪೂತನಿ, ಮಾಯಾ ಶೂರ್ಪನಖಿ ಇದ್ದಾರೆ. ರಕ್ಕಸಿ ಚೆಲುವೆಯಾಗಿ ಬರುವ ಕಥೆ. ಇನ್ನೂ ಯಾರೂ ಅದನ್ನು ನಾನು ಬಯಸುವಷ್ಟು ಚೆನ್ನಾಗಿ ಜಾದೂವಿಗೆ ತಂದದ್ದು ನೋಡಿಲ್ಲ. ನಿಮ್ಮಲ್ಲಿ ಯಾರಾದರೂ ಮಾಡಿ.

"ದೈವದ ಹಾಗೆ ಮುಖಕ್ಕೆ ಬಣ್ಣ ಹಾಕಿದ್ರೆ ಸೂಪರ್ ಇರ್ತದಲ್ವಾ?"

ಬೇಡ. ದೈವ ಕಟ್ಟುವವರು ಬೆನ್ನಿಗೆ ಕಟ್ಟುವ ಅಣಿ, ಕಾಲಿನ ಗಗ್ಗರ, ಆ ಮುಖವರ್ಣಿಕೆ ನಮಗೆ ಆರಾಧನೆ. ಕಟ್ಟುವವರಿಗೆ ಅದಕ್ಕೆ ವ್ರತ, ಕ್ರಮ, ಹಕ್ಕು ಎಲ್ಲ ಉಂಟು. ಚಪ್ಪಾಳೆಗಾಗಿ ಅದನ್ನು ಮುಟ್ಟಬಾರದು.

"ಮನಸ್ಸು ಓದುವ ಆಟ ಮಾಡಿದ್ರೆ 'ಇವಳಿಗೆ ಮಾಟ ಗೊತ್ತು' ಅಂತಾರೆ. ಹಾಗೇ ನಂಬಲಿ ಅಂತ ಬಿಡಲಾ?"

ಬಿಡಬೇಡಿ. ಹೆಂಗಸಿನ ಮೇಲೆ "ಮಾಟಗಾತಿ" ಅನ್ನುವ ಹೆಸರು ಬೀಳುವುದು ಎಷ್ಟು ಸುಲಭ ಅಂತ ನಮಗೆಲ್ಲ ಗೊತ್ತು. ಒಮ್ಮೆ ಶೋ ಮುಗಿದ ಮೇಲೆ ಒಬ್ಬರು ತಾಯಿ ಮಗನ ಜಾತಕ ಹಿಡಿದು ನನ್ನ ಹತ್ತಿರ ಬಂದರು. ಅವರ ಕಣ್ಣಿನಲ್ಲಿದ್ದ ಆಸೆ ನೋಡಿ ನನ್ನ ಕೈ ತಣ್ಣಗಾಯಿತು. ಕೂರಿಸಿ, ನೀರು ಕೊಟ್ಟು, "ಅಮ್ಮಾ, ಇದು ಕಣ್ಕಟ್ಟು, ನಾನು ಕಲಿತ ಕೆಲಸ" ಅಂತ ಹೇಳಿ ಕಳಿಸಿದೆ. ಅಂದಿನಿಂದ ಆ ಮಾತು ನನ್ನ ಶೋದ ಒಳಗೇ ಬಂದಿದೆ.

ಮಂಗಳೂರಿನ ನರೇಂದ್ರ ನಾಯಕ್ ಅವರು ಪವಾಡ ಅಂತ ಕರೆಯುವುದನ್ನು ವೇದಿಕೆಯಲ್ಲಿ ಮಾಡಿ ತೋರಿಸಿ ಬಯಲು ಮಾಡುವ ಕೆಲಸವನ್ನು ಬಹಳ ವರ್ಷದಿಂದ ಮಾಡಿದ್ದಾರೆ. ಮಾಟಮಂತ್ರ ಮತ್ತು ಅಮಾನವೀಯ ಆಚರಣೆಗಳ ವಿರುದ್ಧ 2017ರಲ್ಲಿ ರೂಪುಗೊಂಡ ಕಾಯ್ದೆ ನಮ್ಮ ರಾಜ್ಯದಲ್ಲಿ 2020ರಿಂದ ಜಾರಿಯಲ್ಲಿದೆ. ನಿಮ್ಮ ಪಾತ್ರ ನಿಗೂಢ ಇರಬಹುದು. ಆದರೆ ಶಕ್ತಿ ಇದೆ ಅಂತ ಹೇಳಿಕೊಂಡು ಯಾರ ಕಷ್ಟಕ್ಕೂ ಪರಿಹಾರ ಹೇಳುವವಳಾಗುವುದು ಬೇಡ.

"ಸ್ಟೇಜಿಗೆ ಕರೆದ ಗಂಡಸರು ಕೈ ಹಿಡಿದು ಎಳೀತಾರೆ, ಸುಮ್ನೆ ತೊಂದ್ರೆ ಕೊಡ್ತಾರೆ. ಏನು ಮಾಡುವುದು?"

ಮೊದಲು, ಅದು ನಿಮ್ಮ ತಪ್ಪಲ್ಲ. ಆಮೇಲೆ ಉಪಾಯಗಳು. ತಾನೇ ಕೈ ಎತ್ತಿ ಓಡಿ ಬರುವವರನ್ನು ಕರೆಯಬೇಡಿ. ಪಕ್ಕದವರ ಜೊತೆ ನಗುತ್ತಾ ಕೂತವರನ್ನು ನೀವೇ ಆರಿಸಿ. ಮೇಲೆ ಬಂದ ಕೂಡಲೇ ಎರಡೂ ಕೈಗೆ ಕೆಲಸ ಕೊಡಿ. ನಾನು ತುಂಬಿದ ಚೊಂಬು ಕೊಡುತ್ತೇನೆ, "ಅಣ್ಣ, ಒಂದು ಹನಿ ಚೆಲ್ಲಬಾರದು" ಅಂತ. ನಿಮ್ಮ ಇಬ್ಬರ ಮಧ್ಯೆ ಮೇಜು ಇರಲಿ. "ಅಣ್ಣ" ಅನ್ನುವ ಮಾತು ನಮ್ಮ ಊರಿನಲ್ಲಿ ಅರ್ಧ ಕೆಲಸ ಮಾಡುತ್ತದೆ.

ಅಷ್ಟಾದರೂ ಮೈ ಮುಟ್ಟಿದರೆ ಪಾತ್ರ ಗೀತ್ರ ಎಲ್ಲ ಪಕ್ಕಕ್ಕೆ. ನಿಮ್ಮ ಸ್ವಂತ ದನಿಯಲ್ಲಿ "ಕೆಳಗೆ ಹೋಗಿ" ಅನ್ನಿ. ಆಟ ನಿಂತರೆ ನಿಲ್ಲಲಿ.

"ಆಟ ಕೈಕೊಟ್ರೆ ಪಾತ್ರದಲ್ಲೇ ಇರಬೇಕಾ?"

ಇರಬೇಕು. ಮನೆಯಲ್ಲೇ ಬರೆದಿಡಿ: ಕಾರ್ಡ್ ಬಿದ್ದರೆ ನಿಮ್ಮ ಪಾತ್ರ ಏನನ್ನುತ್ತಾಳೆ? ನನ್ನ ಹೂವಿನ ಅಕ್ಕ ಬಿದ್ದ ಹೂವನ್ನು ಹೆಕ್ಕಿ ಕಣ್ಣಿಗೊತ್ತಿಕೊಂಡು ಬುಟ್ಟಿಗೆ ಹಾಕುತ್ತಾಳೆ. ಅಷ್ಟರಲ್ಲಿ ನನಗೆ ಯೋಚಿಸಲು ಮೂರು ಸೆಕೆಂಡ್ ಸಿಗುತ್ತದೆ.

"ಮದುವೆ ಆಯ್ತು, ಮಗು ಆಯ್ತು. ಮೊದಲಿನ ಪಾತ್ರಕ್ಕೆ ವಾಪಸ್ ಹೋಗಬಹುದಾ?"

ಹೋಗಬಹುದು, ಆದರೆ ಹಳೇ ಅಂಗಿ ಬಿಗಿಯಾದ ಹಾಗೆ ಅನ್ನಿಸಿದರೆ ಆಶ್ಚರ್ಯಪಡಬೇಡಿ. ನನಗೆ ಹಾಗೇ ಆಯಿತು. ಮೊದಲಿನವಳು ತುಂಟ ಹುಡುಗಿ, ಎಲ್ಲರ ಕಿಸೆಯಿಂದ ನಾಣ್ಯ ಕದಿಯುವವಳು. ಮಗಳು ಹುಟ್ಟಿದ ಮೇಲೆ ಕದಿಯುವ ಆಟ ನನ್ನ ಬಾಯಿಗೆ ಬರಲೇ ಇಲ್ಲ, ಕೊಡುವ ಆಟ ಬಂತು. ಹೂವಿನ ಅಕ್ಕ ಬಂದದ್ದು ಹಾಗೆ. ಹಳೇ ಆಟಗಳಲ್ಲಿ ಅರ್ಧ ಬಿಟ್ಟೆ. ಈಗ ಇಪ್ಪತ್ತು ನಿಮಿಷದ ಶೋದಲ್ಲಿ ನಾಲ್ಕೇ ಆಟ, ಮೊದಲು ಒಂಬತ್ತಿತ್ತು.

"ಪಾತ್ರ ಸರಿಯಾಯ್ತು ಅಂತ ಗೊತ್ತಾಗುವುದು ಹೇಗೆ?"

ಚಪ್ಪಾಳೆಯಿಂದ ಗೊತ್ತಾಗುವುದಿಲ್ಲ. ಶೋ ಆಗಿ ಒಂದು ವಾರದ ಮೇಲೆ ನೋಡಿದವರನ್ನು ಕೇಳಿ, "ಏನು ನೆನಪುಂಟು?" ಅಂತ. "ಆ ಹಗ್ಗದ ಆಟ" ಅಂದರೆ ಇನ್ನೂ ಕೆಲಸ ಬಾಕಿ. "ಆ ಅಕ್ಕ" ಅಂತ ಶುರು ಮಾಡಿದರೆ ದಾರಿ ಸರಿ ಉಂಟು.

ಕಳೆದ ಚೌತಿಗೆ ಉಡುಪಿಯಲ್ಲಿ ಶೋ ಮುಗಿಸಿ, ಜೀನ್ಸ್ ಹಾಕಿ, ಟ್ರಂಕ್ ಹಿಡಿದು ರಥಬೀದಿಯಲ್ಲಿ ರಿಕ್ಷಾಕ್ಕೆ ಕಾಯುತ್ತಿದ್ದೆ. ಶೋ ನೋಡಿದ್ದ ಒಬ್ಬಳು ಪುಟ್ಟ ಹುಡುಗಿ ಅಪ್ಪನ ಕೈ ಬಿಡಿಸಿಕೊಂಡು ಓಡಿ ಬಂದಳು. ಹೂವಿನ ತುಂಡು ಅವಳ ಜಡೆಯಲ್ಲಿ ಇನ್ನೂ ಇತ್ತು. ನನ್ನ ಮುಖ ನೋಡಿದಳು, ಟ್ರಂಕ್ ನೋಡಿದಳು, ಗುರುತು ಸಿಗಲಿಲ್ಲ. "ಆಂಟಿ," ಅಂದಳು, "ಹೂವಿನ ಅಕ್ಕ ಮನೆಗೆ ಹೋದ್ರಾ? ಅಮ್ಮನಿಗೂ ಒಂದು ತುಂಡು ಬೇಕಿತ್ತು."